ಹನ್ನೊಂದು ಸಲ ಹಾರಿದ ವಿಮಾನ

ಬಲಗಡೆಯ ಐಲೆರಾನ್ ನಾಲ್ಕು ಮಿಲಿಮೀಟರ್ ಕೆಳಗೆ ಬಾಗಿತ್ತು.

ಫೋಟೋದಲ್ಲಿ ಅದು ಸ್ಪಷ್ಟವಾಗಿಯೇ ಕಾಣುತ್ತದೆ. ಗ್ರೂಪಿನವರೆಲ್ಲ ನೋಡಿದರು, ಸಾಲುಸಾಲಾಗಿ ಹೆಬ್ಬೆರಳು ಎತ್ತಿದರು. ಆಗ ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಕಣ್ಣಿಗೂ.

ಐಲೆರಾನ್ ಎಂದರೆ ವಿಮಾನದ ರೆಕ್ಕೆಯ ಹಿಂದಿನ ಅಂಚಿನಲ್ಲಿ ಏಳುವ, ಇಳಿಯುವ ಸಣ್ಣ ಪಟ್ಟಿ. ನನ್ನದು ಜನ ಕೂತು ಹೋಗುವ ವಿಮಾನವಲ್ಲ. ಬಾಲ್ಸಾ ಎಂಬ ಹಗುರ ಕಟ್ಟಿಗೆಯಲ್ಲಿ ಏಳು ತಿಂಗಳು ಕೂತು ಕಟ್ಟಿದ, ನಾಲ್ಕಡಿ ರೆಕ್ಕೆಯ, ರಿಮೋಟಿನಿಂದ ಹಾರಿಸುವ ಮಾಡೆಲ್. (ಈ ಅಂಕಣದಲ್ಲಿ ಇದನ್ನು ಎಂದೂ ಹೇಳಿರಲಿಲ್ಲ. ಮನೆಯಲ್ಲಿ ಮತ್ತು ಒಂದು ಗ್ರೂಪಿನಲ್ಲಿ ಬಿಟ್ಟು ಎಲ್ಲೂ ಹೇಳಿದ್ದಿಲ್ಲ.)

ಈ ಹುಚ್ಚಿನವರದೊಂದು ವಾಟ್ಸ್ಯಾಪ್ ಗ್ರೂಪ್ ಇದೆ. ಬೆಳಗಾವಿಯವರು ಹೆಚ್ಚು, ಖಾನಾಪುರದವರು ಕೆಲವರು, ಹೆಣ್ಣು ನಾನೊಬ್ಬಳೇ. ಶನಿವಾರ ನಮ್ಮ ನಮ್ಮ ಮೆಚ್ಚಿನ ವಿಮಾನದ ಫೋಟೋ ಹಾಕಬೇಕು, ಕೆಳಗೆ ಅದು ಎಷ್ಟು ಸಲ ಹಾರಿದೆ ಎಂದು ಬರೆಯಬೇಕು. ಅದು ಪದ್ಧತಿ. ಹಾರದೆ ಕಪಾಟಿನ ಮೇಲೆ ಕೂತ ವಿಮಾನಕ್ಕೆ ಅಲ್ಲಿ, ಪೂಜೆಯ ಕಟ್ಟೆ ಬಿಟ್ಟು ಇಳಿಯದ ಮೂರ್ತಿಯಂತೆ, ‘ಜಗಲಿ ದೇವರು’ ಅನ್ನುತ್ತಾರೆ. ಕೈ ಮುಗಿಯಿರಿ, ಮುಟ್ಟಬೇಡಿ.

ನನ್ನದು ಜಗಲಿ ದೇವರೇ. ಒಮ್ಮೆಯೂ ಹಾರಿರಲಿಲ್ಲ. ಏಳು ತಿಂಗಳ ಕೆಲಸ ಏಳು ಸೆಕೆಂಡಿನಲ್ಲಿ ಚೂರಾದರೆ? ಇವತ್ತು ಗಾಳಿ ಜಾಸ್ತಿ, ನಾಳೆ ಬ್ಯಾಟರಿ ಕಡಿಮೆ. ಅಂಜಿಕೆಗೆ ಕಾರಣಗಳ ಕೊರತೆ ಎಂದಾದರೂ ಇದೆಯೇ?

ಆದರೂ ಎರಡು ವಾರದ ಹಿಂದೆ ಒಂದು ಶನಿವಾರ ಹಿಂದವಾಡಿಯ ನಮ್ಮ ಮನೆಯ ಟೆರೇಸ್ ಮೇಲೆ ಅದನ್ನಿಟ್ಟು, ಹಿಂದೆ ನಿಂತು, ಕೈಯಲ್ಲಿ ರಿಮೋಟ್ ಹಿಡಿದು ಫೋಟೋ ತೆಗೆಸಿಕೊಂಡೆ. ವಿಮಾನಕ್ಕೆ ಜೀವವಿದ್ದಂತೆ ಕಾಣಲೆಂದು ರಿಮೋಟಿನ ಪುಟ್ಟ ಕೋಲನ್ನು ಬಲಕ್ಕೆ ಒತ್ತಿದ್ದೆ. ಮೊಬೈಲ್ ಅವ್ವನ ಕೈಯಲ್ಲಿತ್ತು.

“ಎಷ್ಟೊತ್ತು ಹಿಂಗ ನಿಂದ್ರಬೇಕು? ಗ್ಯಾಸ್ ಮ್ಯಾಲ ಹಾಲಿಟ್ಟೀನಿ. ಮದುವಿ ಫೋಟೋಕ್ಕೂ ನೀ ಇಷ್ಟು ತಯಾರಾಗಂಗಿಲ್ಲ ಬಿಡು.”

ಫೋಟೋ ಹಾಕಿದೆ. ಕೆಳಗೆ ‘ಹನ್ನೊಂದು ಸಲ’ ಎಂದು ಬರೆದೆ. ಯಾಕೆ ಹನ್ನೊಂದು? ಹತ್ತು ಎಂದರೆ ಸುಳ್ಳಿನಂತೆ ಕೇಳುತ್ತದೆ. (ಲೆಕ್ಕದಲ್ಲಿ ಅಚ್ಚುಕಟ್ಟಾಗಿರುವವರು ಸುಳ್ಳನ್ನೂ ಅಚ್ಚುಕಟ್ಟಾಗಿಯೇ ಹೇಳುತ್ತಾರೆ.)

ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಮಹಾದೇವ ಕೇಳಿದ. ಮಚ್ಛೆಯ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುವವನು, ಮೊದಲ ವಿಮಾನ ಕಟ್ಟುತ್ತಿದ್ದ. “ಮೇಡಂ, ನಿಮ್ಮ ರಿಮೋಟಿನ ಸೆಟ್ಟಿಂಗ್ ಕಳಸ್ತೀರೇನ್ರಿ?” ಕಳಿಸಿದೆ. ರೆಕ್ಕೆಯ ಪಟ್ಟಿಗಳನ್ನು ಆಡಿಸುವ ಸಣ್ಣ ಮೋಟಾರುಗಳನ್ನು ಹೇಗೆ ಕೂರಿಸಿದ್ದೇನೆಂದು ಒಳಗಿನ ಫೋಟೋ ಕೇಳಿದ. ಅದನ್ನೂ ಕಳಿಸಿದೆ. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ನನಗೆ ಗೊತ್ತಿಲ್ಲ ಎಂಬ ಒಂದು ಮಾತನ್ನು ಬಿಟ್ಟು ಎಲ್ಲವನ್ನೂ ಕಳಿಸಿದೆ.

ಮೊನ್ನೆ ಶನಿವಾರ ಮಧ್ಯಾಹ್ನ ಅವನ ಫೋಟೋ ಬಂತು. ಹಳದಿ ವಿಮಾನ. ‘ಎಲ್ಲಾ ಮೇಡಂ ಅವರ ಪ್ರಕಾರ. ನಾಳೆ ಮುಂಜಾನೆ ಮೊದಲ ಹಾರಾಟ.’

ಅರ್ಧ ಗಂಟೆಯಲ್ಲಿ ಫೋನು. ಖಾನಾಪುರದ ಪಾಟೀಲ ಕಾಕಾ. ಬಾಗಿಲು, ಕಿಟಕಿ ಮಾಡುವ ಬಡಗಿ. ಗ್ರೂಪಿನಲ್ಲಿ ಒಂದಕ್ಷರ ಬರೆಯುವವರಲ್ಲ, ಬರೀ ನೋಡುವವರು.

“ತಂಗಿ, ಚಾ ಆತೇನು?”

“ಆತ್ರಿ ಕಾಕಾ.”

“ನಿನ್ನ ಫೋಟೋ ನೋಡಾಕತ್ತಿದ್ದೆ. ಕೋಲು ಬಲಕ್ಕ ಒತ್ತೀದಿ. ಬಲಗಡಿ ಪಟ್ಟಿ ಮ್ಯಾಲ ಏಳಬೇಕಿತ್ತು, ಕೆಳಗ ಇಳದೈತಿ.”

ಕಪಾಟಿನ ಮೇಲಿದ್ದ ವಿಮಾನದ ಕಡೆ ತಿರುಗಿದೆ.

“ಉಲ್ಟಾ ಇದ್ದದ್ದು ಒಂದ ಸಲ ಹಾರತೈತಿ ತಂಗಿ. ಹನ್ನೊಂದು ಸಲ ಹಾರಂಗಿಲ್ಲ.”

ಬಾಗಿಲು ಕೂದಲೆಳೆಯಷ್ಟು ವಾಲಿದರೂ ಹಿಡಿಯುವ ಕಣ್ಣು.

“ನಾ ಯಾರ ಮುಂದೂ ಹೇಳಂಗಿಲ್ಲ. ಆದ್ರ ಮಹಾದೇವಂದೂ ಹಂಗ ಕುಂತೈತಿ, ನೆಲಾ ಬಿಟ್ಟಕೂಡ್ಲೆ ಬೀಳತೈತಿ. ಅಂವಗ ನೀನ ಹೇಳು.”

ಫೋನಿಟ್ಟವಳು ಕೂರಲಿಲ್ಲ. ಟೆರೇಸಿಗೆ ಹೋದೆ, ಇಳಿದೆ, ಮತ್ತೆ ಹತ್ತಿದೆ. ಟಿಳಕವಾಡಿಗೆ ಹೋಗಿ ಬೇಡದ ಒಂದು ಪೆನ್ನು ಕೊಂಡು ಬಂದೆ. ಸುಳ್ಳೂ ಉಳಿಯಬೇಕು, ಅವನ ವಿಮಾನವೂ ಉಳಿಯಬೇಕು. ಅಂಥ ದಾರಿ ಒಂದಿದೆ ಅನ್ನಿಸಿತು. ಮಹಾದೇವನಿಗೆ ಬರೆದೆ: ‘ಹಾರಿಸುವ ಮುಂಚೆ ಐಲೆರಾನ್ ದಿಕ್ಕು ಒಮ್ಮೆ ನೋಡಿಕೊಳ್ಳಿ.’

ಉತ್ತರ ತಕ್ಷಣ ಬಂತು. ಧ್ವನಿಯಲ್ಲಿ. ಹಿಂದೆ ಯಂತ್ರಗಳ ಸದ್ದು.

“ಚಿಂತಿ ಮಾಡಬ್ಯಾಡ್ರಿ ಮೇಡಂ. ಹನ್ನೊಂದು ಸಲ ಹಾರಿದ ಸೆಟ್ಟಿಂಗ್ ಐತಿ. ಅದ್ರಾಗ ನೋಡೂದೇನೈತಿ?”

ನಮ್ಮ ಫೋಟೋಗಳಿಂದ ಯಾರಿಗೂ ನಷ್ಟವಿಲ್ಲ ಎಂದುಕೊಂಡಿರುತ್ತೇವೆ. ಬಟ್ಟೆ ಒಣಹಾಕುವ ಟ್ರೆಡ್‌ಮಿಲ್, ಬಿಡಿಸದ ಪುಸ್ತಕಗಳ ಸಾಲು, ಒಂದೇ ದಿನ ನುಡಿಸಿದ ಗಿಟಾರು. ತೋರಿಸಿದರೆ ಏನಾಯಿತು? ಲೈಕ್ ಒತ್ತುವವರು ಮುಂದೆ ಹೋಗುತ್ತಾರೆ, ನಿಜ. ಆದರೆ ಎಲ್ಲೋ ಒಬ್ಬ ಅದನ್ನು ದೊಡ್ಡದು ಮಾಡಿ ನೋಡಿ, ಪಾಳಿ ಮುಗಿಸಿ ಬಂದು, ಅದರಂತೆಯೇ ಸ್ಕ್ರೂ ತಿರುಗಿಸುತ್ತಿರುತ್ತಾನೆ. ಅವನು ನಂಬಿದ್ದು ನನ್ನ ಕೈಕೆಲಸವನ್ನಲ್ಲ, ಆ ಅಂಕಿಯನ್ನು.

ಇನ್ನೊಂದು ಮೆಸೇಜ್ ಬರೆದೆ, ಅಳಿಸಿದೆ. ಇದು ಟೈಪ್ ಮಾಡಿ ಕಳಿಸುವ ಮಾತಲ್ಲ ಅನ್ನಿಸಿತು. (ಹಾಗೆ ಅನ್ನಿಸಿದ್ದೂ ಮುಂದೂಡುವ ನೆಪವೇ ಇರಬಹುದು.)

ಮರುದಿನ ಆರೂವರೆಗೆ ವಿಮಾನವನ್ನು ಸ್ಕೂಟರಿಗೆ ಕಟ್ಟಿಕೊಂಡು ಮಚ್ಛೆಯ ಆಚೆಯ ಬಯಲಿಗೆ ಹೋದೆ. ಏಳೆಂಟು ಜನ ಸೇರಿದ್ದರು. ಮಹಾದೇವ ಬ್ಯಾಟರಿ ಜೋಡಿಸುತ್ತಿದ್ದ. ಕಾಕಾ ಮೊದಲ ಬಸ್ಸಿಗೇ ಬಂದು ಸ್ವಲ್ಪ ದೂರದಲ್ಲಿ ನಿಂತಿದ್ದರು.

“ತಡೀರಿ,” ಎಂದೆ. “ನನ್ನದು ಒಮ್ಮೆಯೂ ಹಾರಿಲ್ಲ. ಸೆಟ್ಟಿಂಗ್ ಉಲ್ಟಾ ಇದೆ. ನಿಮ್ಮದೂ.”

ಮಹಾದೇವ ತಲೆ ಎತ್ತಿದ. “ಮತ್ತ ಹನ್ನೊಂದು ಅಂದಿದ್ರಿ?”

“ಏಕಾದಶಿ ಅಲ್ಲೇನೋ ಅದು,” ಎಂದರು ಕಾಕಾ. “ಉಪಾಸ ಇತ್ತು.”

ಎಲ್ಲರೂ ನಕ್ಕರು. ಮಹಾದೇವ ನಗಲಿಲ್ಲ. ಕೋಲನ್ನು ಬಲಕ್ಕೆ ಒತ್ತಿ ತನ್ನ ರೆಕ್ಕೆಯನ್ನು ಬಹಳ ಹೊತ್ತು ನೋಡಿದ. ಸೆಟ್ಟಿಂಗ್ ತಿರುಗಿಸಿದ, ಮತ್ತೆ ನೋಡಿದ. ಆಮೇಲೆ ನನ್ನ ರಿಮೋಟ್ ಇಸಿದುಕೊಂಡು ಅದನ್ನೂ ತಿರುಗಿಸಿ ಕೈಗೆ ಕೊಟ್ಟ.

“ಮೊದಲ ನಿಮ್ಮದು ಹಾರಲ್ರಿ ಮೇಡಂ. ಕಣ್ಣಾರೆ ನೋಡೇ ನಂದು ಬಿಡ್ತೀನಿ.”

ಗಾಳಿ ಜಾಸ್ತಿಯೇ ಇತ್ತು. ವಿಮಾನವನ್ನು ನೆಲಕ್ಕಿಟ್ಟು, ವೇಗ ಹೆಚ್ಚಿಸುವ ಥ್ರಾಟಲ್ ಕೋಲನ್ನು ಪೂರ್ತಿ ಮೇಲಕ್ಕೆ ತಳ್ಳಿದೆ.