ಅಣಬೆ ಸಾರಿನ ಪಾತ್ರೆ ತೊಳೆದವರು

ಇಂಥ ಕಥೆಗಳನ್ನು ಯಾರಾದರೂ ನನ್ನ ಮುಂದೆ ಶುರುಮಾಡಿದರೆ, ಪೇಪರ್ ತಿದ್ದುವುದಿದೆ ಎಂದು ಎದ್ದು ಹೋಗುತ್ತಿದ್ದವಳು ನಾನು. ಸ್ಟಾಫ್ ರೂಮಿನಲ್ಲಿ ಊಟದ ಡಬ್ಬಿ ಬಿಚ್ಚಿದಾಗ ಯಾರದೋ ಮೈಮೇಲೆ ಬಂದದ್ದು, ಯಾರಿಗೋ ದಾರಿಯಲ್ಲಿ ಏನೋ ಕಂಡದ್ದು ಎಂದು ಮಾತು ಬಂದು ಎದ್ದು ಹೋಗಲಾಗದಿದ್ದರೆ, ಹೇಳುವವರು ಪಾಪ ಬಾಯಿ ಮುಚ್ಚಿಕೊಳ್ಳುವ ತನಕ ಪ್ರಶ್ನೆ ಕೇಳುತ್ತಿದ್ದೆ. ಇಪ್ಪತ್ತಾರು ವರ್ಷ ಮದ್ದೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡಿದ್ದೇನೆ, ಚಾಳಿ ಬಿಡುವುದಿಲ್ಲ. ಹಾಗಾಗಿ ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಿಮ್ಮ ಜಾಗದಲ್ಲಿ ಕೂತಿದ್ದರೆ ನಾನೂ ನಂಬುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ಮಗಳು ಪವಿತ್ರ ಚೊಚ್ಚಲ ಹೆರಿಗೆಗೆಂದು ಬೆಸಗರಹಳ್ಳಿಯ ನಮ್ಮ ಮನೆಗೆ ಬಂದಿದ್ದಳು. ಅವಳನ್ನು ಕೊಟ್ಟಿರುವುದು ಮಳವಳ್ಳಿ ಕಡೆ, ಪೂರಿಗಾಲಿಗೆ. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸುರು ಅದು. ಅದಕ್ಕೆ ಮೊದಲು ಎರಡು ಸಲ ಹೋಗಿತ್ತು. ಎರಡು ಸಲವೂ ಆಸ್ಪತ್ರೆಯ ಕಾರಿಡಾರಿನಲ್ಲಿ ಬೆಂಚಿನ ಮೇಲೆ ಕೂತಿದ್ದವಳು ನಾನೇ. ಈ ಸಲ ಏಳು ತಿಂಗಳು ತುಂಬಿತ್ತು. ಅವಳು ಕೆಮ್ಮಿದರೆ ನಾನು ಓಡುತ್ತಿದ್ದೆ. ತಿಂದದ್ದು ಒಂದೂ ನಿಲ್ಲುತ್ತಿರಲಿಲ್ಲ, ಇದು ಬೇಕು ಅದು ಬೇಕು ಎಂದು ಬಾಯಿ ಬಿಟ್ಟು ಕೇಳಿದವಳೂ ಅಲ್ಲ. ಕೊನೆಗೆ ಒಂದು ಶನಿವಾರ, ಗುಡುಗಿ ಗುಡುಗಿ ಮಳೆ ಹುಯ್ದ ಮಾರನೆಯ ದಿನ, ಜಗಲಿಯ ಮೇಲೆ ಕೂತು, "ಅವ್ವ, ಅಣ್ಬೆ ಸಾರು, ಬಿಸಿ ಮುದ್ದೆ. ಅಷ್ಟೇ ಕಣವ್ವ" ಅಂದಳು.

ನಮ್ಮ ಮನೆಯವರಿಗೆ ಅಷ್ಟು ಸಾಕಾಯಿತು. ಅವರು ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಪಾಳಿ ಕೆಲಸದವರು. ಭಾನುವಾರ ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಬೈಕಿನಲ್ಲಿ ಬಂದವರು ಒಳಗೆ ಬರುವ ಮೊದಲೇ ಕೂಗಿದರು. ಹೆಲ್ಮೆಟ್ಟಿನ ತುಂಬ ಬಿಳಿ ಅಣಬೆ. ಒಂದೊಂದೂ ಅಂಗೈ ಅಗಲ.

"ನೋಡ್ಲೇ, ಉತ್ತದ ಅಣ್ಬೆ. ನಾಲೆ ಏರಿ ತಾವ ಇದ್ವು. ಮಣ್ಣು ಒಂಚೂರೂ ಇಲ್ಲ ಕಣೆ, ಅಲ್ಲೇ ಕುಯ್ದು ಕ್ಲೀನ್ ಮಾಡ್ಕಂಡ್ ಬಂದಿವ್ನಿ. ಇನ್ ಬಯ್ಯಂಗಿಲ್ಲ ನೀನು."

ಈ ಮಾತಿನ ಹಿಂದೆ ಒಂದು ಜಗಳವಿದೆ, ಹೇಳಿಬಿಡುತ್ತೇನೆ. ನಮ್ಮತ್ತೆ ಇದ್ದಾಗ ಅಣಬೆಯನ್ನು ಯಾರೂ ಕುಯ್ಯುತ್ತಿರಲಿಲ್ಲ. ಬೇರು ಸಮೇತ ಕಿತ್ತು, ಮಣ್ಣು ಮೆತ್ತಿಕೊಂಡಂತೆಯೇ ತಂದು ಅವರ ಮುಂದೆ ಸುರಿಯಬೇಕು. ಹುತ್ತದ ಅಣಬೆಗೆ ಗೇಣುದ್ದದ ಬೇರು ಕೆಳಗೆ ಹುತ್ತದೊಳಕ್ಕೆ ಇಳಿದಿರುತ್ತದೆ, ಅದರಂತೆಯೇ ಕಾಣುವ ವಿಷದ್ದಕ್ಕೆ ಅದಿರುವುದಿಲ್ಲ. ಅತ್ತೆ ಒಂದೊಂದನ್ನೂ ಎತ್ತಿ ಬೇರು ನೋಡುತ್ತಿದ್ದರು, ಬೇರಿಲ್ಲದ್ದನ್ನು ಮಾತಿಲ್ಲದೆ ತಿಪ್ಪೆಗೆ ಎಸೆಯುತ್ತಿದ್ದರು. ಬೇರು ನೋಡದೆ ಒಲೆ ಹತ್ತಿಸಬಾರದು ಎನ್ನುವುದು ಆ ಮನೆಯ ಕಟ್ಟಳೆ. ಅವರು ಹೋದ ಮೇಲೆ ನಮ್ಮ ಮನೆಯವರು ಹಾಗೇ ಮಣ್ಣಿನ ಸಮೇತ ತಂದು, ಆಗಷ್ಟೇ ಒರೆಸಿದ ನನ್ನ ಅಡುಗೆಮನೆಯಲ್ಲಿ ಸುರಿದರು. "ನಾನು ನೆಲ ಒರೆಸೋದು ನಿಮ್ಮ ಕಣ್ಣಿಗೆ ಕಾಣಲ್ವಾ" ಎಂದು ಬೀದಿಗೆ ಕೇಳುವಂತೆ ಬಯ್ದಿದ್ದೆ. ಅದಕ್ಕೇ ಈ ಸಲ ಪಾಪ, ಬುಡ ಬಿಟ್ಟು ಮೇಲೇ ಕುಯ್ದು, ಒರೆಸಿ, ಚೊಕ್ಕಟ ಮಾಡಿಕೊಂಡು ತಂದಿದ್ದರು.

ಕಟ್ಟಳೆ ನೆನಪಾಗಲಿಲ್ಲವೇ ಎಂದು ಕೇಳಬಹುದು. ನೆನಪಾಯಿತು. ಮಗಳು ಬಾಯಿ ಬಿಟ್ಟು ಕೇಳಿದ್ದಾಳೆ, ಇವರು ನಿದ್ದೆಗಣ್ಣಿನಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿದ್ದಾರೆ, ಈಗ ಹೇಗೆ ಬೇಡವೆನ್ನುವುದು? ಹುತ್ತ ನೋಡಿದ್ರಾ ಎಂದೆ. ನೋಡ್ದೆ ಅಂದರು. ಆದರೂ ಇರಲಿ ಎಂದು ಬಿಸಿನೀರಿಗೆ ಎರಡು ಬೆಳ್ಳುಳ್ಳಿ ಎಸಳು ಹಾಕಿ ಅಣಬೆ ಬೇಯಿಸಿದೆ. ವಿಷವಿದ್ದರೆ ಬೆಳ್ಳುಳ್ಳಿ ಕಪ್ಪಗಾಗುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಅದು ಶುದ್ಧ ಸುಳ್ಳು, ತರಗತಿಯಲ್ಲಿ ಯಾವ ಹುಡುಗಿಯಾದರೂ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ. ಮನೆಯಲ್ಲಿ ಮಾತ್ರ ಬೆಳ್ಳುಳ್ಳಿ ಬೆಳ್ಳಗಿದ್ದದ್ದು ನೋಡಿ ನೆಮ್ಮದಿಯಾಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಲೇಬೇಕಲ್ಲ.

ಅಣಬೆ ಸಿಕ್ಕರೆ ಒಬ್ಬರೇ ತಿನ್ನಬಾರದು ಎನ್ನುವ ಇನ್ನೊಂದು ಪದ್ಧತಿಯೂ ನಮ್ಮಲ್ಲುಂಟು. ಹಾಗಾಗಿ ಬೇಯಿಸುವ ಮೊದಲೇ ಅರ್ಧ ತೆಗೆದು ಗೋಡೆಯ ಮೇಲಿಂದ ಪಕ್ಕದ ಮನೆಯ ಪುಟ್ಟತಾಯಕ್ಕನಿಗೆ ಕೊಟ್ಟಿದ್ದೆ. ಅವರಿಗೆ ಅರವತ್ತು ದಾಟಿದೆ, ಒಂಟಿ ಹೆಂಗಸು. ನನಗೆ ಈ ಊರಿನಲ್ಲಿ ಅಕ್ಕ ಅಂತ ಇದ್ದರೆ ಅವರೇ. "ಅಯ್ಯೋ ನನ್ನವ್ವ, ಬಸ್ರಿ ಎಂಗ್ಸಿಗೆ ಮಡೀಕೊ" ಎನ್ನುತ್ತಲೇ ಸೆರಗೊಡ್ಡಿ ಹಾಕಿಸಿಕೊಂಡರು.

ಸಾರು ಚೆನ್ನಾಗಿ ಬಂತು. ಕಾಯಿ, ಹುರಿದ ಧನಿಯ, ಸಣ್ಣ ಈರುಳ್ಳಿ ಹಾಕಿ ಅರೆದ ಖಾರ. ಉಪ್ಪು ನೋಡಲು ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿದೆ. ಪಾತ್ರೆ ಅತ್ತೆಯ ಕಾಲದ ಸಿಲ್ವರ್ ಪಾತ್ರೆ. ಸೌದೆ ಒಲೆಯಲ್ಲಿ ಉರಿದು ಉರಿದು ಅದರ ತಳ ಇದ್ದಿಲಿನಂತಾಗಿತ್ತು. ನಾನು ಎಷ್ಟು ಸಲ ಉಜ್ಜಿದರೂ ಆ ಮಸಿ ಬಿಟ್ಟಿರಲಿಲ್ಲ, ಕೊನೆಗೆ ಹಾಳಾಗಿ ಹೋಗಲಿ ಎಂದು ಸುಮ್ಮನಾಗಿದ್ದೆ. ಗ್ಯಾಸು ಸಣ್ಣಗೆ ಮಾಡಿದೆ, ಸಾರು ಕೊತ ಕೊತ ಎನ್ನುತ್ತಿತ್ತು. ಮುದ್ದೆ ತಿರುವಿ ತಟ್ಟೆಗಳಿಗೆ ಇಟ್ಟೆ. ಮಧ್ಯಾಹ್ನ ಒಂದೂವರೆ ಇರಬಹುದು.

ನಮ್ಮ ಮನೆಯವರು ಬಚ್ಚಲಲ್ಲಿದ್ದರು, ನೀರು ಹುಯ್ದುಕೊಳ್ಳುವ ಸದ್ದು ಕೇಳುತ್ತಿತ್ತು. ಪವಿತ್ರ ಮುಂದಿನ ಜಗಲಿಯಲ್ಲಿದ್ದಳು. ಕಾಲು ಊದಿಕೊಂಡಿದ್ದವು, ಕೈಕೊಡದೆ ಏಳಲಾಗುತ್ತಿರಲಿಲ್ಲ. ಹೋಗಿ ಕೈ ಹಿಡಿದು ಎಬ್ಬಿಸಿದೆ, ಸೊಂಟಕ್ಕೆ ಕೈಕೊಟ್ಟು ಒಳಗೆ ಕರೆತಂದು ನಡುಮನೆಯಲ್ಲಿ ಕೂರಿಸಿದೆ. ಅಡುಗೆಮನೆಗೆ ಬಂದೆ. ಇದಕ್ಕೆ ಎಷ್ಟು ಹೊತ್ತಾದೀತು? ಬಹಳವೆಂದರೆ ಮೂರು ನಿಮಿಷ.

ಒಲೆ ಆರಿತ್ತು. ಒಲೆಯ ಮೇಲೆ ಪಾತ್ರೆ ಇರಲಿಲ್ಲ.

ಇವರೇ ಎಲ್ಲಿಗೋ ಎತ್ತಿಕೊಂಡು ಹೋದರು ಎಂದುಕೊಂಡೆ. ಆದರೆ ಬಚ್ಚಲಲ್ಲಿ ನೀರಿನ ಸದ್ದು ಇನ್ನೂ ಕೇಳುತ್ತಲೇ ಇತ್ತು. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿಯೇ ಇತ್ತು. ಅಗುಳಿ ತೆಗೆದು ನೋಡಿದರೆ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪಾತ್ರೆ ಬೋರಲು ಬಿದ್ದಿದೆ. ಬಿದ್ದಿದೆ ಅನ್ನುವುದು ತಪ್ಪು, ತೊಳೆದು ಬೋರಲು ಹಾಕಿದ್ದರು. ಸೌಟು ಪಕ್ಕದಲ್ಲಿ. ಕಲ್ಲಿನ ಮೇಲೆ ಒದ್ದೆ ಬೂದಿ, ತೆಂಗಿನ ನಾರಿನ ಒಂದು ಉಂಡೆ. ಮುಟ್ಟಿದೆ, ಪಾತ್ರೆ ತಣ್ಣಗಿತ್ತು. ಮೂರು ನಿಮಿಷದ ಹಿಂದೆ ಕುದಿಯುತ್ತಿದ್ದ ಪಾತ್ರೆ ಅದು. ತಳದಲ್ಲಿ ಒಂದು ಚುಕ್ಕೆ ಮಸಿ ಇರಲಿಲ್ಲ. ನನ್ನ ಮುಖ ಕಾಣುವಷ್ಟು ಬೆಳ್ಳಗಿತ್ತು. ಸಾರು ಎಲ್ಲಿ ಹೋಯಿತೆಂದು ಮೋರಿ ನೋಡಿದೆ, ತಿಪ್ಪೆ ನೋಡಿದೆ. ಒಂದು ಅಣಬೆ ಚೂರು ಕಾಣಲಿಲ್ಲ, ಖಾರದ ವಾಸನೆ ಕೂಡ ಇರಲಿಲ್ಲ.

ನಾನು ಆಗ ಹೆದರಲಿಲ್ಲ. ಕೋಪ ನೆತ್ತಿಗೇರಿತು. ತಲೆ ಒರೆಸಿಕೊಳ್ಳುತ್ತ ಬಂದ ಇವರ ಮೇಲೆ ಹಾರಿದೆ, ಇದೆಂಥ ತಮಾಷೆ ಎಂದು. ಅವರು ಬಾಯಿ ಬಿಟ್ಟುಕೊಂಡು ನೋಡಿದರು. "ನಿಂಗ್ ತಲೆ ಕೆಟ್ಟದಾ? ನಾನ್ ಈಗ ತಾನೆ ಮೈಗೆ ನೀರ್ ಉಯ್ಕಂಡ್ ಬತ್ತಾ ಇವ್ನಿ. ನೀನೇ ಚೆಲ್ಲಿ ನೀನೇ ತೊಳ್ದು, ನನ್ ಮ್ಯಾಲ್ ಆಕ್ತಿಯಾ?" ಮಾತಿಗೆ ಮಾತು ಬೆಳೆಯಿತು. ನಡುಮನೆಯಲ್ಲಿ ಮಗಳು ಮುದ್ದೆಯ ತಟ್ಟೆ ಮುಂದಿಟ್ಟುಕೊಂಡು ಅಳತೊಡಗಿದಳು. ಬಾಯಿ ಬಿಟ್ಟು ಕೇಳಿದ್ದು ಒಂದೇ ಒಂದು ಸಾರು, ಅದನ್ನೂ ಕೊಡಲಾಗಲಿಲ್ಲವಲ್ಲ ಎಂದು ನನಗೂ ಅಳು ಬಂತು. ಕಣ್ಣೊರೆಸಿಕೊಂಡು ಟೊಮೇಟೊ ಗೊಜ್ಜು ಕಲಸಿ, ಮೊಸರು ಹಾಕಿ, ಹೇಗೋ ಉಣ್ಣಿಸಿ ಮಲಗಿಸಿದೆ. ನಾವಿಬ್ಬರೂ ಅದನ್ನೇ ಉಂಡೆವು.

ನಾಲ್ಕು ಗಂಟೆಗೆ ಗೋಡೆಯಾಚೆಯಿಂದ ಪುಟ್ಟತಾಯಕ್ಕನ ದನಿ ಕೇಳಿಸಿತು. "ಟೀಚ್ರಮ್ಮೋ, ವಸಿ ಬಾರವ್ವ, ವಟ್ಟೆ ಕಿವುಚ್ತಾ ಅದೆ." ಓಡಿ ಹೋದೆ. ಅಂಗಳದ ತುಂಬ ವಾಂತಿ ಮಾಡಿಕೊಂಡು ಗೋಡೆಗೊರಗಿ ಕೂತಿದ್ದರು, ಮುಖ ಬೂದಿಯಾಗಿತ್ತು. ಏನು ತಿಂದಿರಿ ಎಂದು ಕೇಳುವ ಅಗತ್ಯವೇ ಇರಲಿಲ್ಲ. ಕೊಟ್ಟವಳು ನಾನೇ.

ಆಟೊ ಹಿಡಿದು ಮಂಡ್ಯದ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ತೊಡೆಯ ಮೇಲಿತ್ತು. ಇವರು ಮುಂದೆ ಕೂತು, ತಿರುಗಿ ನೋಡದೆ, ನಿಧಾನಕ್ಕೆ ಒಪ್ಪಿಕೊಂಡರು: ಹುತ್ತ ಇತ್ತು, ಆದರೆ ಅಣಬೆ ಇದ್ದದ್ದು ಅಲ್ಲಿಂದ ನಾಲ್ಕು ಮಾರು ದೂರ, ಹುಲ್ಲಿನಲ್ಲಿ. ಬುಡದಲ್ಲಿ ಬೇರಿತ್ತೋ ಇಲ್ಲವೋ ನೋಡಲಿಲ್ಲ, ಮಣ್ಣಾಗುತ್ತದೆ ಅಂತ ಮೇಲೇ ಕುಯ್ದೆ. ನಾನು ಬಯ್ಯಲಿಲ್ಲ. ಬಯ್ಯುವ ಮುಖ ನನಗೂ ಉಳಿದಿರಲಿಲ್ಲ.

ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಡ್ರಿಪ್ ಹಾಕಿ, ಮನೆಯಲ್ಲಿ ಇನ್ಯಾರು ತಿಂದಿದ್ದಾರೆ ಎಂದು ಕೇಳಿದಳು. ಯಾರೂ ಇಲ್ಲ, ಏಳು ತಿಂಗಳ ಬಸುರಿ ಮಗಳು ತಿನ್ನಬೇಕಾಗಿತ್ತು, ಮೊದಲಿನ ಎರಡು ಹೋಗಿವೆ ಎಂದೆ. ಅವಳು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಹಿಂದೆ ಎರಡು ಹೋಗಿದೆ ಅಂತೀರಿ. ಇಷ್ಟು ವಾಂತಿ ಭೇದಿ ಅವರು ತಡೆಕೊಳ್ತಿರ್ಲಿಲ್ಲ ಅಮ್ಮ. ಮಗು ಉಳಿಸೋದು ಕಷ್ಟ ಆಗ್ತಿತ್ತು" ಅಂದಳು. ಹೊರಗೆ ಬಂದು ಬೆಂಚು ಹುಡುಕಿ ಕೂತೆ. ಮಗಳಿಗೆ ಫೋನು ಮಾಡಿ, ಸಾರು ಒಂದು ಹನಿಯಾದರೂ ಬಾಯಿಗೆ ಹಾಕಿದ್ದೆಯಾ ಎಂದೆ. "ನೀನ್ ಕೊಟ್ಟೇ ಇಲ್ವಲ್ಲವ್ವ" ಅಂದಳು, ದನಿಯಲ್ಲಿ ಇನ್ನೂ ಮುನಿಸು. ಆ ಮುನಿಸಿನ ದನಿ ಕೇಳಿ ನನಗೆ ಜೀವ ಬಂತು. ಅಷ್ಟು ಜನರ ಮುಂದೆ ಗೊಳೋ ಎಂದು ಅತ್ತುಬಿಟ್ಟೆ. ಅದು ದುಃಖದ ಅಳುವಲ್ಲ. ಆಮೇಲೆ ನನಗೂ ಒಂದು ಸಲ ವಾಂತಿಯಾಯಿತು. ಅಂಗೈಯ ಆ ಒಂದು ಹನಿಯದೋ, ಬರೀ ಹೆದರಿಕೆಯದೋ ಗೊತ್ತಿಲ್ಲ.

ಪುಟ್ಟತಾಯಕ್ಕ ಮೂರನೆಯ ದಿನ ಎದ್ದು ಕೂತು ಕಾಫಿ ಕೇಳಿದರು. ಡಾಕ್ಟರು ಇನ್ನು ಭಯವಿಲ್ಲ ಎಂದಾಗ ನಮ್ಮ ಮನೆಯವರು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತು, "ಉಳ್ಕಂಡೊ ಕಣೆ" ಅಂದರು.

ಇನ್ನು ಪಾತ್ರೆಯ ಮಾತು. ಊರಿನಲ್ಲಿ ವಿಷಯ ಹಬ್ಬಿದ ಮೇಲೆ ಎಲ್ಲರೂ ಒಂದೇ ಹೇಳಿದರು, ನಿಮ್ಮತ್ತೆಯೇ ಬಂದು ತೊಳೆದಿದ್ದಾರೆ ಎಂದು. ಕೇಳಿ ನಗು ಬರುತ್ತಿತ್ತು. ನಮ್ಮತ್ತೆ ಬದುಕಿದ್ದಾಗ ಕುಡಿದ ಲೋಟ ತೊಳೆದವರಲ್ಲ, ಸತ್ತ ಮೇಲೆ ಬಂದು ನನ್ನ ಪಾತ್ರೆಯ ತಳ ಉಜ್ಜುತ್ತಾರೆಯೇ? ನನ್ನ ಜೊತೆಯ ಗಣಿತದ ಮೇಷ್ಟ್ರು ಬೇರೆ ವಾದ ಹೂಡಿದರು: ನಿಮ್ಮ ಮನಸ್ಸಿಗೆ ಒಳಗೊಳಗೇ ಅನುಮಾನವಿತ್ತು, ನೀವೇ ಚೆಲ್ಲಿ ತೊಳೆದು ಮರೆತಿದ್ದೀರಿ. ಇದನ್ನು ನಂಬಲು ನಾನು ನಿಜವಾಗಿ ಪ್ರಯತ್ನಪಟ್ಟೆ. ನಂಬಿದರೆ ನನಗೂ ಅನುಕೂಲವಿತ್ತು. ಆದರೆ ನಾನು ಆಗ ನನ್ನ ಕೈ ನೋಡಿಕೊಂಡಿದ್ದೆ, ಬೂದಿಯಿರಲಿಲ್ಲ, ಒದ್ದೆಯಿರಲಿಲ್ಲ. ಆ ಮೂರು ನಿಮಿಷ ನಾನು ಅವಳ ಜೊತೆಯಲ್ಲೇ ಇದ್ದೆ ಎಂದು ಮಗಳು ಈಗಲೂ ಹೇಳುತ್ತಾಳೆ. ಆ ತಳದ ಮಸಿಯನ್ನಂತೂ ಮೂರು ದಿನ ಉಜ್ಜಿದರೂ ನಾನು ತೆಗೆಯಲಾರೆ.

ಎರಡು ತಿಂಗಳಿಗೆ ಪವಿತ್ರಳಿಗೆ ಹೆಣ್ಣುಮಗುವಾಯಿತು, ದಿನ ತುಂಬಿ, ಮೂರು ಕೇಜಿ ತೂಗಿತು. ಬಾಣಂತಿಯನ್ನು ಮನೆಗೆ ಕರೆತಂದ ದಿನ ಮೊದಲು ಬಂದವರೇ ಪುಟ್ಟತಾಯಕ್ಕ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಕೆನ್ನೆ ಸವರಿದರು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು.

"ಅಲ್ಲ ಕಣ್ ಟೀಚ್ರಮ್ಮ, ನಿಮ್ಮನೆ ಪಾತ್ರೆ ತೊಳ್ಯಾಕ್ ಬಂದೋರು, ಗ್ವಾಡೆ ದಾಟಿ ನಮ್ಮನೆಗೂ ಒಂದ್ ಎಜ್ಜೆ ಬಂದ್ ಓಗಬಾರ್ದಾಗಿತ್ತಾ?"

ತಮಾಷೆಗೇ ಅಂದದ್ದು. ಮಗಳು ನಕ್ಕಳು, ಇವರು ನಕ್ಕರು, ನಾನೂ ನಕ್ಕೆ. ಆದರೆ ನಾಲ್ಕು ವರ್ಷದಿಂದ ನನ್ನನ್ನು ಕಾಡುತ್ತಿರುವುದು ಆ ಒಂದು ಮಾತೇ. ತೊಳೆದವರು ಯಾರು ಎಂದು ನಾನು ಈಗ ಯಾರನ್ನೂ ಕೇಳುವುದಿಲ್ಲ. ನನ್ನ ಮಗಳು, ಮೊಮ್ಮಗಳು ಉಳಿದರು, ಆ ಕೈಗೆ ಜನ್ಮವಿಡೀ ಕೈಮುಗಿಯುತ್ತೇನೆ. ಆದರೆ ಅಣಬೆ ತಂದದ್ದು ನನ್ನ ಗಂಡ, ಬೇರು ನೋಡದೆ ಒಲೆ ಹತ್ತಿಸಿದವಳು ನಾನು. ತಪ್ಪು ಮಾಡಿದ ಮನೆ ಉಳಿಯಿತು, ಸೆರಗೊಡ್ಡಿದ ಮನೆ ಮೂರು ದಿನ ಡ್ರಿಪ್ಪಿನಲ್ಲಿ ಮಲಗಿತು. ಪುಟ್ಟತಾಯಕ್ಕ ಉಳಿದದ್ದರಿಂದ ನಾನು ಇದನ್ನು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಯಾರಿಗೂ ಹೇಳುತ್ತಿರಲಿಲ್ಲ.

ಅವರ ಪ್ರಶ್ನೆಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ದಿನಾ ಬೆಳಿಗ್ಗೆ ಗೋಡೆಯಾಚೆಯಿಂದ "ಎದ್ಯಾ ಟೀಚ್ರಮ್ಮ" ಎನ್ನುತ್ತಾರೆ. "ಎದ್ದೆ ಕಣಕ್ಕ" ಎನ್ನುತ್ತೇನೆ, ಅಷ್ಟೇ.