ಫೋನು ಹಚ್ಚಿದ ಕುಂಕುಮ

ಬಾಗೇವಾಡಿಯ ನನ್ನ ಹೊಲಿಗೆ ಅಂಗಡಿಯಲ್ಲಿ ಶೇವಂತೆವ್ವ ಆರು ವರ್ಷದಿಂದ ಕೆಲಸಕ್ಕಿದ್ದಾಳೆ. ಮಾತು ಕಡಿಮೆ, ಕೈ ಚುರುಕು. ನನ್ನ ಬಾಯಿ ತಡೆದುಕೊಂಡು ಇಷ್ಟು ವರ್ಷ ನಿಂತವಳು ಅವಳೊಬ್ಬಳೇ. ದಿನಾ ಇಂಗಳೇಶ್ವರದಿಂದ ಬಸ್ಸಿಗೆ ಬರುತ್ತಾಳೆ. ಗಂಡ ತೀರಿಹೋಗಿ ಹನ್ನೊಂದು ವರ್ಷ. ಇರುವುದು ಗಂಡನ ಅಣ್ಣ ಸಂಗಣ್ಣನ ಮನೆಯಲ್ಲಿ. ಕೆಲಸಕ್ಕೆ ಕಳಿಸುವಾಗ ಆತ ಒಂದೇ ಮಾತು ಹೇಳಿದ್ದ: "ಹೋಗು. ಆದ್ರ ಮಂದಿ ಬೆರಳು ಮಾಡಿ ತೋರಸೋ ಹಂಗ ಒಂದು ಸುದ್ದಿ ಬಂತಂದ್ರ, ಅವತ್ತಿಗೆ ನಿನ್ನ ಬಾಗೇವಾಡಿ ಮುಗೀತು." ಆ ಮಾತಿಗೆ ಅಂಜಿಕೊಂಡೇ ಅವಳು ಬಸ್ಸು ಹತ್ತಿಳಿಯುತ್ತಿದ್ದಳು.

ಮಗಳು ಸುವರ್ಣಾ ಮುದ್ದೇಬಿಹಾಳದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಓದುತ್ತಾಳೆ. ತನ್ನ ಹಳೆಯ ಫೋನನ್ನು ತಾಯಿಗೆ ಕೊಟ್ಟಿದ್ದಳು. ಅದರಲ್ಲೊಂದು ಆ್ಯಪ್. ಮುಖ ಹಿಡಿದರೆ ಸಾಕು, ಫೋನು ತಾನೇ ಹಣೆಗೆ ಕುಂಕುಮ ಹಚ್ಚಿ ತಲೆಗೆ ಹೂವು ಮುಡಿಸುತ್ತದೆ. ಶೇವಂತೆವ್ವ ಊಟದ ಹೊತ್ತಿನಲ್ಲಿ ಗೋಡೆಗೆ ತಿರುಗಿ ಕೂತು ಫೋನು ನೋಡುವುದನ್ನು ಕಂಡಿದ್ದೆ. "ಯಾರವ್ವಾ ಆ ಪುಣ್ಯಾತ್ಮ?" ಎಂದು ಛೇಡಿಸುತ್ತಿದ್ದೆ. ಅವಳು ನೋಡುತ್ತಿದ್ದದ್ದು ತನ್ನನ್ನೇ ಎಂದು ತಿಳಿದದ್ದು ಮೊನ್ನೆ ಮಂಗಳವಾರ.

ಅವತ್ತು ಕುಂಕುಮ ಹಚ್ಚಿದ ತನ್ನ ಫೋಟೋ ಅಳಿಸಲು ಹೋಗಿ ಇನ್ನೆಲ್ಲೋ ಒತ್ತಿದ್ದಾಳೆ. ಅದು ವಾಟ್ಸಪ್ ಸ್ಟೇಟಸ್ಸಿಗೆ ಹೋಗಿ ಕೂತಿತು. ಬಿಳಿಚಿಕೊಂಡ ಮುಖದಲ್ಲಿ ನನ್ನ ಮುಂದೆ ಫೋನು ಹಿಡಿದಳು.

"ಕೌಸರಕ್ಕಾರ, ಇದನ್ನ ತಗಿಯಾಕ ಬರ್ತೈತೇನ್ರಿ?"

ನನ್ನದು ಗುಂಡಿ ಒತ್ತುವ ಫೋನು, ನನಗೇನು ಬರುತ್ತದೆ? ಮೊಬೈಲ್ ಅಂಗಡಿಯ ಸಿದ್ಧರಾಮನಿಗೆ ಕೊಡೋಣ ಎಂದರೆ ಕೈ ಹಿಡಿದು ಕೂರಿಸಿದಳು. ಕೊಟ್ಟರೆ ಅವನೂ ನೋಡುತ್ತಾನಲ್ಲ. ಸುವರ್ಣಾ ಪರೀಕ್ಷೆಗೆ ಕೂತಿದ್ದಳು, ಫೋನು ಬಂದ್. ಕೊನೆಗೆ ನಾವಿಬ್ಬರು ಶಾಣ್ಯಾರು ಸೇರಿ ಫೋನನ್ನೇ ಆಫ್ ಮಾಡಿದೆವು. ಮತ್ತೆ ಆನ್ ಮಾಡಿದರೆ ಫೋಟೋ ಅಲ್ಲೇ ಇತ್ತು, ಕೆಳಗೆ ನೋಡಿದವರ ಹೆಸರು ಎರಡು ಹೆಚ್ಚಾಗಿದ್ದವು.

ಆ ಪಟ್ಟಿಯನ್ನು ಯಾವ ಪಾಪಿ ಕಂಡುಹಿಡಿದನೋ. ಸಿಂದಗಿಯ ನಾದಿನಿ ನೋಡಿದಳು. ಇಂಡಿ ಊರಿನ ಚಿಗವ್ವ ನೋಡಿದಳು. ಓಣಿಯ ರೇಣವ್ವ ನೋಡಿದಳು. ಒಂದೊಂದು ಹೆಸರಿಗೂ ಶೇವಂತೆವ್ವ ಕಣ್ಣು ಮುಚ್ಚಿ ತೆರೆಯುತ್ತಿದ್ದಳು. ಅರ್ಧ ಹೊಲಿದ ಜಂಪರು ಮಷಿನ್ ಮೇಲೆ ಹಾಗೇ ಬಿದ್ದಿತ್ತು. ಬೇರೆ ದಿನವಾಗಿದ್ದರೆ ಬೈಯುತ್ತಿದ್ದೆ, ಅವತ್ತು ನನಗೂ ಹೆದರಿಕೆ ಹತ್ತಿತ್ತು. ಮೂರೂವರೆಗೆ ಸಂಗಣ್ಣನ ಹೆಸರು ಬಂತು. ಅವಳು ಅಳಲಿಲ್ಲ. ಕೊಟ್ಟ ನೀರನ್ನು ಕುಡಿಯಲಾಗದೆ ಲೋಟ ಹಿಡಿದು ಕೂತಳು.

ನಾಲ್ಕು ದಾಟಿದ ಮೇಲೆ ಮಗಳು ಫೋನು ಎತ್ತಿದಳು. ಎಲ್ಲೆಲ್ಲಿ ಒತ್ತಬೇಕೆಂದು ಹೇಳಿ ಫೋಟೋ ತೆಗೆಸಿದಳು.

"ಯವ್ವಾ, ದೊಡ್ಡಪ್ಪ ಕೇಳಿದ್ರ ಫೋನ ತಾನ ಹಚ್ಚೈತಿ, ನನಗೇನೂ ಗೊತ್ತಿಲ್ಲ ಅನ್ನು. ಖರೇನ ಐತಲ್ಲ."

ಅದು ನಿಜವೇ. ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ನಡೆದು ನಾನೂ ಅದನ್ನೇ ಬಾಯಿಪಾಠ ಮಾಡಿಸಿದೆ.

ಮರುದಿನ ಹತ್ತಾದರೂ ಅವಳು ಬರಲಿಲ್ಲ. ಕತ್ತರಿ ಹಿಡಿದು ಬಾಗಿಲನ್ನೇ ನೋಡುತ್ತಾ ಕೂತೆ. ಏನೇನೋ ಕೆಟ್ಟ ಯೋಚನೆಗಳು ಬಂದವು. ಹನ್ನೊಂದಕ್ಕೆ ಬಂದಳು, ಕಣ್ಣು ಬಾತಿದ್ದವು. ಮಷಿನ್ನಿಗೆ ದಾರ ಪೋಣಿಸುತ್ತಲೇ ನಡೆದದ್ದನ್ನು ಹೇಳಿದಳು.

ಸಂಗಣ್ಣ ಕಟ್ಟೆಯ ಮೇಲೆ ದಾರಿ ಕಾಯುತ್ತಾ ಕೂತಿದ್ದನಂತೆ. "ಫೋಟೋದಾಗ ಹಣಿ ಮ್ಯಾಲ ಅದೇನದು? ಯಾರು ಹಚ್ಚಿದ್ದು?" ಎಂದು ಕೇಳಿದನಂತೆ. ಅವಳು ಗೋಡೆ ಹಿಡಿದು ನಿಂತಳಂತೆ.

"ಫೋನ್ ಅಂತ ಅಂದ್ಯಲ್ಲ?" ಎಂದೆ.

"ಬಾಯಿಗೆ ಬಂದಿತ್ರಿ ಅಕ್ಕಾರ. ಅಂದಿದ್ರ ಅಲ್ಲಿಗೇ ಮುಗೀತಿತ್ತು. ಆದ್ರ ದಿನಾ ನೋಡ್ಕೊಂಡಾಕಿ ನಾನು. ತಪ್ಪೆಲ್ಲ ಅದರ ಮ್ಯಾಲ ಹಾಕಾಕ ಮನಸ ಬರಲಿಲ್ಲ."

"ಮತ್ತೇನಂದಿ?"

"ನಾನ ಹಚ್ಕೊಂಡೇನ್ರಿ ಅಂದೆ."

ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟೆ. ಆತ ಏನೆಂದ ಎಂದು ಕೇಳಿದೆ.

"ಏನೂ ಅನ್ನಲಿಲ್ರಿ. ಎದ್ದು ಒಳಗ ಹೋದ್ರು. ಮುಂಜಾನಿನೂ ಮಾತಿಲ್ಲ. ನಾನು ಕೇಳದನ ಬಂದೇನಿ. ಸಂಜಿಗೆ ಮತ್ತ ಅಲ್ಲಿಗೇ ಹೋಗಬೇಕಲ್ರಿ ಅಕ್ಕಾರ, ಭಾಳ ಅಂಜಿಕಿ ಆಗಾಕತ್ತೈತಿ."