ಜೀಪಿನ ಮುಂದಿನ ಸೀಟು

ಮೊನ್ನೆ ವರ್ಕಾಡಿಯ ಗ್ಯಾರೇಜಿನ ಎದುರು ಹಳೆಯ ಜೀಪಿನ ಟಾರ್ಪಾಲನ್ನು ಬಿಸಿಲಿಗೆ ಹರಡಿದ್ದರು. ಡೀಸೆಲ್ ಮತ್ತು ಒದ್ದೆ ಬಟ್ಟೆಯ ಆ ವಾಸನೆಗೆ ನನ್ನ ಕಾಲು ನಿಂತುಬಿಟ್ಟಿತು. ನಮ್ಮೂರಿನ ಜೀಪಿನ ಡ್ರೈವರಣ್ಣ ನೆನಪಾದರು.

ನಾನು ಐದನೆಯವರೆಗೆ ಓದಿ ಬೀಡಿ ಕಟ್ಟಲು ಕುಳಿತವಳು. ತಮ್ಮನಿಗೆ ಆಗ ಏಳು ವರ್ಷ. ಮಾತಿರಲಿಲ್ಲ, ಕರೆದರೆ ತಿರುಗುತ್ತಿರಲಿಲ್ಲ. ಆಟಿಸಂ ಎಂದಿದ್ದರು ಡಾಕ್ಟರು. ಅಂಥ ಮಕ್ಕಳಿಗೆ ಕಲಿಸುವ ಶಾಲೆ ಎರಡು ಪಂಚಾಯತ್ ಆಚೆ ಇತ್ತು. ಬಸ್ಸಿರಲಿಲ್ಲ, ಬೆಳಗ್ಗೆ ಎಂಟರ ಜೀಪೊಂದೇ. ಕರೆದುಕೊಂಡು ಹೋಗುವುದು ನನ್ನ ಕೆಲಸ.

ಮುಂದಿನ ಸೀಟಿನ ಅಂಚು ಬಿಟ್ಟು ಬೇರೆಲ್ಲಿ ಕೂರಿಸಿದರೂ ತಮ್ಮ ಕಿರುಚುತ್ತಿದ್ದ. ಜನ ಹಿಂದೆ ನೇತಾಡುತ್ತಿದ್ದರೂ ಡ್ರೈವರಣ್ಣ ಆ ಸೀಟಿಗೆ ಟವೆಲು ಹಾಸಿ ಕಾಯುತ್ತಿದ್ದರು. ಗೋಳಿಮರದ ತಿರುವಿನಲ್ಲಿ ಎರಡು ಸಲ ಹಾರ್ನ್ ಹೊಡೆಯದಿದ್ದರೆ ಅವನು ಅಳುತ್ತಿದ್ದ. ಅವರು ಮರೆತದ್ದು ನನಗೆ ನೆನಪಿಲ್ಲ...

“ಈ ಸೀಟು ತಹಶೀಲ್ದಾರರಿಗೆ ರಿಸರ್ವ್ ಉಂಟಾ ಮಾರಾಯ?” ಎಂದು ಒಬ್ಬರು ಕೆಣಕಿದರು.

“ತಹಶೀಲ್ದಾರ್ ಬಂದರೆ ಹಿಂದೆ ನೇತಾಡಲಿ. ಇವನಿಗೆ ಶಾಲೆಗೆ ಹೋಗ್ಲಿಕ್ಕುಂಟು,” ಎಂದರು ಡ್ರೈವರಣ್ಣ.

ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿದೆ.

ಆರು ತಿಂಗಳಲ್ಲಿ ತಮ್ಮ “ನೀರು” ಎನ್ನಲು ಕಲಿತ. ಅದೇ ಹೊತ್ತಿಗೆ ನನಗೆ ಗಂಡು ಹುಡುಕುತ್ತಿದ್ದರು. ಜೀಪಿನಲ್ಲಿ ಪಕ್ಕದಲ್ಲಿದ್ದವಳು ಪಿಸುಗುಟ್ಟಿದಳು: “ದಿನಾ ಇವನನ್ನು ಊರಿಗೆಲ್ಲ ತೋರಿಸ್ತಾ ಹೋದರೆ ನಿನ್ನನ್ನು ಯಾರು ಕಟ್ಟಿಕೊಳ್ತಾರೆ ಮಾರಾಯ್ತಿ?”

ಮರುದಿನ ತಮ್ಮನನ್ನು ಮಂಗಳೂರಿನ ಹಾಸ್ಟೆಲಿಗೆ ಸೇರಿಸಿದೆವು ಎಂದು ಡ್ರೈವರಣ್ಣನಿಗೆ ಸುಳ್ಳು ಹೇಳಿದೆ.

“ಒಳ್ಳೇದಾಯ್ತು ಮಗಾ. ರಜೆಯಲ್ಲಿ ಬಂದರೆ ಹೇಳು,” ಎಂದರು.

ಅಮ್ಮನಿಗೆ ಹೇಳಿದ್ದು ಬೇರೆ: ಡ್ರೈವರ್ ಇನ್ನು ಇವನನ್ನು ಹತ್ತಿಸುವುದಿಲ್ಲವಂತೆ. ಅಮ್ಮ ಸಾಯುವವರೆಗೂ ಆ ಮನುಷ್ಯನಿಗೆ ಶಾಪ ಹಾಕಿದಳು.

ತಮ್ಮ ಎಷ್ಟೋ ದಿನ ಎಂಟಕ್ಕೆ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತ. ನಾನು ಚಿಲಕ ಹಾಕುತ್ತಿದ್ದೆ... ಮಳೆಗಾಲ ಮುಗಿಯುವಾಗ “ನೀರು” ಎನ್ನುವುದೂ ಹೋಗಿತ್ತು. ನನಗೆ ಮದುವೆಯಾಯಿತು. ಗಂಡ ತಮ್ಮನ ಬಗ್ಗೆ ಒಂದು ದಿನವೂ ಕೊಂಕು ನುಡಿಯಲಿಲ್ಲ. ಅದು ಇನ್ನೂ ಚುಚ್ಚುತ್ತದೆ.

ಡ್ರೈವರಣ್ಣ ತೀರಿಕೊಂಡು ವರ್ಷಗಳಾದವು. ತಮ್ಮನಿಗೀಗ ಇಪ್ಪತ್ತಾರು. ಇಂಥ ದೊಡ್ಡವರನ್ನೂ ಶಾಲೆಗೆ ಕರೆದೊಯ್ಯಲು ಪಂಚಾಯತಿನ ವ್ಯಾನು ಈಗ ಅಂಗಳಕ್ಕೇ ಬರತೊಡಗಿದೆ. ಹೆಸರು ಬರೆದುಕೊಳ್ಳಲು ಬಂದ ಟೀಚರು, ಇವನು ಮೊದಲು ಶಾಲೆಗೆ ಹೋಗಿದ್ದನೇ ಎಂದು ಕೇಳಿದರು.

“ಆರು ತಿಂಗಳು ಹೋಗಿದ್ದ.”

“ಮತ್ತೆ ಎಂತ ಆಯ್ತು? ಗಾಡಿ ಇರಲಿಲ್ಲವಾ?”

ಹೌದು ಎಂದರೆ ಮುಗಿಯುತ್ತಿತ್ತು.

“ಗಾಡಿ ಇತ್ತು ಟೀಚರ್. ನಿಲ್ಲಿಸಿದ್ದು ನಾನು.”

ಅವರು ಅದನ್ನೂ ಬರೆದುಕೊಂಡರು. ಆ ಮಾತನ್ನು ಕೇಳಬೇಕಾದ ಇಬ್ಬರೂ ಈಗ ಇಲ್ಲ.